ಕುಂಟಾಲಪದವಿನ ಪತ್ರಾಗಾರದ ಪಾಲಕರು

ದಿವಂಗತ ಹರಿನಾರಾಯಣರ ವ್ಯವಹಾರ ಪತ್ರಾಗಾರವು ಕುಂಟಾಲಪದವು ಸೇವಾ ಸಹಕಾರಿ ಬ್ಯಾಂಕಿನ ಮೇಲ್ಮಾಳಿಗೆಯಲ್ಲಿ, ಸಾರ್ವಜನಿಕರ ಪ್ರಯೋಜನಾರ್ಥ, ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ತೆರೆದಿರುತ್ತದೆ. ಅದರಲ್ಲಿ ಮುನ್ನೂರ ಹನ್ನೆರಡು ಸಾಲದ ಅರ್ಜಿಗಳೂ ಆರು ಕಪಾಟುಗಳೂ ಒಂದು ಫ್ಯಾನೂ ಇವೆ. ಸ್ಥಾಪನೆಯಾದ ಲಾಗಾಯ್ತು ಅಲ್ಲಿಂದ ಒಂದು ಕಾಗದವೂ ಕಳೆದುಹೋಗಿಲ್ಲ, ಒಂದು ಹಾಳೆಯೂ ಹರಿದಿಲ್ಲ, ಒಂದು ದಾಖಲೆಯೂ ಹೊಸಿಲು ದಾಟಿಲ್ಲ. ಇಂತಹ ಹೆಗ್ಗಳಿಕೆಯಿರುವ ಸಂಸ್ಥೆ ಕಾಸರಗೋಡು ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂದು ಪತ್ರಾಗಾರ ಸಮಿತಿಯ ವಾರ್ಷಿಕ ವರದಿಯಲ್ಲಿ ಬರೆದಿದೆ. ಜೊತೆ ಕಾರ್ಯದರ್ಶಿಯ ನೆಲೆಯಲ್ಲಿ ಆ ವರದಿ ಬರೆದವನು ನಾನೇ ಆದ್ದರಿಂದ ಅದು ಸತ್ಯವೆಂದು ನನಗೆ ಖಚಿತವಾಗಿ ಗೊತ್ತುಂಟು.

ಹರಿನಾರಾಯಣರು ಹುಟ್ಟಾ ಬ್ಯಾಂಕಿನವರಲ್ಲ. ಪೈವಳಿಕೆಯಿಂದ ಒಳದಾರಿಯಲ್ಲಿರುವ ನಮ್ಮೂರಿನ ವಾಚನಾಲಯದಲ್ಲಿ ಇಪ್ಪತ್ತಾರು ವರ್ಷ ಗ್ರಂಥಪಾಲಕರಾಗಿದ್ದವರು. ಆ ಅವಧಿಯಲ್ಲಿ ಹನ್ನೊಂದು ಪುಸ್ತಕಗಳು ಮಾತ್ರ ಕಾಣೆಯಾದವು; ಹನ್ನೊಂದೂ ಯಾರ ಮನೆಯ ಯಾವ ಅಟ್ಟದಲ್ಲಿವೆಯೆಂದು ಅವರಿಗೆ ತಿಳಿದಿತ್ತು. 2001ರಲ್ಲಿ ಬ್ಯಾಂಕಿನ ಅಂದಿನ ಕಾರ್ಯದರ್ಶಿಯವರು ಮಗನನ್ನು ನೋಡಿ ಬರುತ್ತೇನೆಂದು ಹದಿನೈದು ದಿನದ ರಜೆ ಬರೆದುಕೊಟ್ಟು ಮಸ್ಕತ್ತಿಗೆ ಹೋದರು. ಹೋದವರು ಅಲ್ಲಿಂದಲೇ ರಜೆ ವಿಸ್ತರಿಸುತ್ತ ಉಳಿದರು. ಯಾರಿಗೆ ಎಷ್ಟು ಸಾಲ ಕೊಟ್ಟದ್ದೆಂಬ ವಿವರವೆಲ್ಲ ಅವರ ತಲೆಯಲ್ಲಿತ್ತು, ತಲೆ ಮಸ್ಕತ್ತಿನಲ್ಲಿತ್ತು. ಆಗ ಬ್ಯಾಂಕಿನ ಅಧ್ಯಕ್ಷ ಉಗ್ಗಪ್ಪಣ್ಣ ಆಡಳಿತ ಮಂಡಳಿಯ ಸಭೆಯಲ್ಲಿ, "ಹೊರಗೆ ಕೊಟ್ಟದ್ದನ್ನು ವಾಪಸು ತರಿಸಿ ಅಭ್ಯಾಸ ಇರುವ ಜನ ಈ ಊರಿನಲ್ಲಿ ಒಬ್ಬರೇ ಇರುದು" ಎಂದರು. ಹರಿನಾರಾಯಣರನ್ನು ಅದೇ ಸಭೆಯಲ್ಲಿ ಕಾರ್ಯದರ್ಶಿಯಾಗಿ ನೇಮಿಸಲಾಯಿತು. ಬ್ಯಾಂಕಿನ ಕೆಲಸ ಬರುತ್ತದೆಯೋ ಎಂದು ಯಾರೂ ಕೇಳಲಿಲ್ಲ. ಹಿಂದಿನವರನ್ನೂ ಕೇಳಿರಲಿಲ್ಲ.

ಹರಿನಾರಾಯಣರು ಮೊದಲ ದಿನ ಬ್ಯಾಂಕಿನ ಗೋಡೆಗೆ 'ನಿಶ್ಶಬ್ದ' ಎಂಬ ಫಲಕ ಹಾಕಿಸಿದರು. ಎರಡನೆಯ ದಿನ ಹಳೆಯ ಕಾಗದಗಳನ್ನು ವಿಷಯವಾರು ವಿಂಗಡಿಸಿದರು. ಸಾಲ ಯಾತಕ್ಕೆಂದು ಬರೆದ ಹಾಳೆಗಳು ಕಥೆ-ಕಾದಂಬರಿಗಳ ಸಾಲಿಗೆ ಹೋದವು, ಜಾಮೀನು ನಿಂತವರ ಒಪ್ಪಿಗೆಪತ್ರಗಳು ಭಕ್ತಿಸಾಹಿತ್ಯಕ್ಕೆ. ಮೂರನೆಯ ದಿನ ಮೊಹರು ಒತ್ತಲು ಹೊರಟಾಗ ಒಂದು ತೊಡಕು ಕಂಡಿತು.

ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಮೊಹರು ಒತ್ತುವ ಕ್ರಮ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಮೊದಲ ಪುಟಕ್ಕೊಂದು, ಕೊನೆಯದಕ್ಕೊಂದು. ಅದಲ್ಲದೆ ಒಳಗಿನ ಒಂದು ನಿಶ್ಚಿತ ಪುಟಕ್ಕೆ ಇನ್ನೊಂದು. ಕಳ್ಳ ಮೊದಲ ಪುಟ ಕಿತ್ತರೂ ಒಳಗಿನ ಮೊಹರು ಉಳಿಯುತ್ತದೆ, ಪುಸ್ತಕ ಯಾರದ್ದೆಂದು ಹೇಳುತ್ತದೆ. ಪ್ರತಿ ಗ್ರಂಥಾಲಯಕ್ಕೂ ಹೀಗೊಂದು ಗುಟ್ಟಿನ ಪುಟ ಉಂಟು. ನಮ್ಮ ವಾಚನಾಲಯದ್ದು ಇಪ್ಪತ್ತೊಂದನೆಯದು. ಬ್ಯಾಂಕಿನ ಸಾಲದ ಅರ್ಜಿಗೆ ಇದ್ದದ್ದು ನಾಲ್ಕೇ ಪುಟ. ಇಪ್ಪತ್ತಾರು ವರ್ಷದ ಪದ್ಧತಿಯನ್ನು ನಾಲ್ಕು ಪುಟಕ್ಕಾಗಿ ಬದಲಿಸುವುದು ಸಾಧುವಲ್ಲವೆಂದು ಕಂಡು, ಹರಿನಾರಾಯಣರು ಅರ್ಜಿಯನ್ನೇ ಬದಲಿಸಿದರು. ಸುತ್ತೋಲೆ ಹೀಗಿತ್ತು:

"ಸಾಲದ ಅರ್ಜಿಯು ಇಪ್ಪತ್ತೊಂದು ಪುಟಗಳಿಗೆ ಕಡಿಮೆಯಿಲ್ಲದೆ ಇರತಕ್ಕದ್ದು. ಖಾಲಿ ಹಾಳೆ ಲಗತ್ತಿಸಿದ ಅರ್ಜಿಗಳನ್ನು ಪರಿಗಣಿಸಲಾಗುವುದಿಲ್ಲ."

ಜನರು ಬರೆದರು. ಬೇರೆ ದಾರಿ ಇರಲಿಲ್ಲ. ದನ ಕೊಳ್ಳಲಿಕ್ಕೆ ಸಾಲ ಬೇಕಾದವರು ಹಿಂದಿದ್ದ ದನದ ಗುಣಸ್ವಭಾವ, ಅದರ ಕರುಗಳ ವಂಶಾವಳಿ, ಅದು ಸತ್ತ ದಿನ ಮನೆಯಲ್ಲಿ ಯಾರ್‍ಯಾರು ಊಟ ಬಿಟ್ಟರು ಎಂಬುದನ್ನೆಲ್ಲ ಬರೆದರು. ಅಷ್ಟಾದರೂ ಪುಟ ಹದಿನಾರಕ್ಕೆ ನಿಂತಾಗ ನೆರೆಯವರ ದನದ ಬಗ್ಗೆಯೂ ಬರೆದರು. ಪುಟ ತುಂಬಿಸಲಾಗದವರು ಸಾಲವೇ ಬೇಡವೆಂದು ಮನೆಗೆ ಹೋದರು. ಹೀಗೆ ವರ್ಷಕ್ಕೆ ನಾನ್ನೂರರಷ್ಟಿದ್ದ ಸಾಲಗಳು ನಲುವತ್ತಕ್ಕೆ ಇಳಿದವು. ಇಪ್ಪತ್ತೊಂದು ಪುಟ ಬರೆದವನು ಮರುಪಾವತಿಯನ್ನೂ ಮಾಡುತ್ತಿದ್ದ. ತಪ್ಪಿದರೆ ಹರಿನಾರಾಯಣರು ಅವನ ಅರ್ಜಿಯನ್ನು ವಾಚನಾಲಯದ ಜಗಲಿಯಲ್ಲಿ ಓದಿಸುತ್ತಾರೆಂಬ ಸುದ್ದಿ ಇತ್ತು. ಸಾಲ ಬಾಕಿಯೇ ಇಲ್ಲದ ಬ್ಯಾಂಕೆಂದು ನಮಗೆ ಸತತ ಆರು ವರ್ಷ ಫಲಕ ಬಂತು.

ಅರ್ಜಿಯ ಜತೆ ಅಡವು ಇಟ್ಟ ಜಾಗದ ಮೂಲ ದಸ್ತಾವೇಜನ್ನೂ ಹರಿನಾರಾಯಣರು ಪುಟಸಂಖ್ಯೆ ಹಾಕಿ ಅರ್ಜಿಯೊಂದಿಗೇ ಹೊಲಿದು, ಹಿಂಬದಿಗೆ ಒಂದು ಚೀಟಿ ಅಂಟಿಸುತ್ತಿದ್ದರು. ಸಾಲ ತೀರಿದ ಮೇಲೂ ಹೊಲಿಗೆ ಬಿಚ್ಚುವ ಪದ್ಧತಿ ಅವರಲ್ಲಿ ಇರಲಿಲ್ಲ. ಆದರೆ ಯಾರಿಗಾದರೂ ದಸ್ತಾವೇಜು ಬೇಕಾದರೆ, ಚೀಟಿಯಲ್ಲಿ ತಾರೀಕು ಬರೆದು, "ಹದಿನಾಲ್ಕು ದಿವಸದಲ್ಲಿ ತನ್ನಿ, ಮೂಲೆ ಮಡಚಬೇಡಿ" ಎಂದು ಇಡೀ ಕಟ್ಟನ್ನೇ ಕೊಟ್ಟುಬಿಡುತ್ತಿದ್ದರು. ಜನರು ತಂದುಕೊಡುತ್ತಿದ್ದರು. ಮನೆಯಲ್ಲಿಟ್ಟರೆ ಮಳೆಗಾಲದಲ್ಲಿ ಒದ್ದೆಯಾಗುತ್ತದೆ, ಗೆದ್ದಲು ಹಿಡಿಯುತ್ತದೆ, ಹರಿನಾರಾಯಣರ ಕಪಾಟಿನಲ್ಲಿ ಎರಡೂ ಇಲ್ಲ. ಹೀಗೆ ಅರುವತ್ತಮೂರು ಮನೆಯವರ ದಸ್ತಾವೇಜುಗಳು ಅಲ್ಲಿ ಕ್ಷೇಮವಾಗಿದ್ದವು.

2009ರಲ್ಲಿ ಹರಿನಾರಾಯಣರು ತೀರಿಕೊಂಡರು. ಹೊಸ ಕಾರ್ಯದರ್ಶಿ ಕಂಪ್ಯೂಟರ್ ತಂದರು, ಅರ್ಜಿ ಮತ್ತೆ ನಾಲ್ಕು ಪುಟವಾಯಿತು. ಹಳೆಯ ಕಟ್ಟುಗಳನ್ನು ಎಂತ ಮಾಡುವುದೆಂಬ ಪ್ರಶ್ನೆ ಬಂದಾಗ ಉಗ್ಗಪ್ಪಣ್ಣ ಒಂದನ್ನು ಓದಲಿಕ್ಕೆಂದು ಮನೆಗೆ ಒಯ್ದರು. ಅದು ಅಲ್ಫೋನ್ಸ್ ಕ್ರಾಸ್ತಾ ಎಂಬವರು 2002ರಲ್ಲಿ ಪಂಪ್‌ಸೆಟ್ಟಿಗಾಗಿ ಬರೆದ ಅರ್ಜಿ. ಐದನೆಯ ಪುಟದಿಂದ ಹದಿನೇಳನೆಯ ಪುಟದವರೆಗೆ ಅವರು ಒಬ್ಬರೇ ಬಾವಿ ತೋಡಿದ ವೃತ್ತಾಂತ ಇತ್ತು. ಹದಿನೆಂಟರಿಂದ ಇಪ್ಪತ್ತೊಂದರವರೆಗೆ ಜಾಗದ ದಸ್ತಾವೇಜು. ಉಗ್ಗಪ್ಪಣ್ಣ ಮಾರನೆಯ ದಿನ ಅತ್ತು ಕಣ್ಣು ಕೆಂಪು ಮಾಡಿಕೊಂಡು ಬಂದು, "ಬಂಡೆ ಸಿಕ್ಕಿದ ಜಾಗ ಓದುವಾಗ ನನಗೆ ಅನ್ನ ಇಳೀಲಿಲ್ಲ ಮಾರಾಯ್ರೆ. ಇದನ್ನು ಸುಡ್ಲಿಕ್ಕೆ ಉಂಟಾ?" ಎಂದರು. ಸಮಿತಿ ರಚನೆಯಾಯಿತು. ಅಲ್ಫೋನ್ಸರು ಇದನ್ನು ಕಾಣಲಿಲ್ಲ. ಸಾಲವನ್ನು 2004ರಲ್ಲೇ ಪೂರ್ತಿ ತೀರಿಸಿ, 2006ರಲ್ಲಿ ತೀರಿಹೋಗಿದ್ದರು.

ಪತ್ರಾಗಾರಕ್ಕೆ ಧನಸಹಾಯ ಕೋರಿ ನಾವು ಬರೆದ ಮನವಿಯಂತೆ, ಬರಹಸಂಪತ್ತು ಸಂರಕ್ಷಣಾ ಮಿಷನ್ ಎಂಬ ಸಂಸ್ಥೆಯಿಂದ ಒಬ್ಬ ತಜ್ಞರು ತಿರುವನಂತಪುರದಿಂದ ರೈಲಿನಲ್ಲಿ ಬಂದರು. ಸಜ್ಜನರು. ಕಟ್ಟುಗಳನ್ನು ಬಿಡಿಸಿ, ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು, ತಿರುಗಿಸಿ ನೋಡಿದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಇದರಲ್ಲಿ ಏನಿದೆಯೆಂದು ಮಲಯಾಳದಲ್ಲಿ ಕೇಳಿದರು. ದನ ಉಂಟು, ಬಾವಿ ಉಂಟು, ಮದುವೆ ಉಂಟು ಎಂದು ನಾವು ವಿವರಿಸಿದೆವು. ಅವರು ತಲೆದೂಗಿ, ಎರಡು ತಿಂಗಳ ನಂತರ ವರದಿ ಕಳುಹಿಸಿದರು: "ಸಂಗ್ರಹದ ಬರಹವು ಓದಲು ಅಸಾಧ್ಯವಾದದ್ದು. ಆದುದರಿಂದ ಅಮೂಲ್ಯವಾದದ್ದು. ಯಾವುದೇ ಕಟ್ಟಿನಿಂದ ಯಾವುದೇ ಹಾಳೆಯನ್ನು ಬೇರ್ಪಡಿಸಕೂಡದು, ಕಟ್ಟಡದಿಂದ ಹೊರಗೆ ಒಯ್ಯಕೂಡದು." ಕಪಾಟುಗಳೂ ಫ್ಯಾನೂ ಬಂದದ್ದು ಆ ವರದಿಯಿಂದಲೇ. 2011ರಲ್ಲಿ ಉದ್ಘಾಟನೆಯಾಯಿತು.

ಪಾಲಕರ ಹುದ್ದೆಗೆ ಪುರಂದರರನ್ನು ನೇಮಿಸಿದೆವು. ಅವರು ಬ್ಯಾಂಕಿನಲ್ಲಿ ಅಡವಿಗೆ ಬಂದ ಚಿನ್ನವನ್ನು ಒರೆಗೆ ಹಚ್ಚಿ ನೋಡುವ ಕೆಲಸದಲ್ಲಿದ್ದವರು. ಹಳತಾವುದು, ಹೊಸತಾವುದು ಎಂದು ಹೇಳುವ ಅನುಭವ ಇದ್ದವರು ಬೇರೆ ಯಾರೂ ಇರಲಿಲ್ಲ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಅಲ್ಫೋನ್ಸರ ಹೆಂಡತಿ ವೆರೊನಿಕಾ ಬಾಯಿಯ ವಿಷಯ ಹೇಳಲಿಕ್ಕೆ. 2013ರ ಜೂನಿನ ಮಳೆಗೆ ಅವರ ಮನೆಯ ಹಿಂಬದಿಯ ಗೋಡೆ ಕೂತುಹೋಯಿತು. ಊರವರೆಲ್ಲ ಬಾಯಿ ಎಂದೇ ಕರೆಯುವ ವೆರೊನಿಕಾ ಮತ್ತು ಹೊಲಿಗೆ ಕೆಲಸ ಮಾಡುವ ಅವರ ಮಗಳು ಆನ್ಸಿಲ್ಲಾ, ಗೋಡೆ ಇದ್ದಲ್ಲಿ ನೀಲಿ ಟರ್ಪಾಲು ಕಟ್ಟಿ ಉಳಿದ ಅರ್ಧದಲ್ಲಿ ಇದ್ದರು. ಪಂಚಾಯತಿನ ವಸತಿ ಯೋಜನೆಯಲ್ಲಿ ಅವರ ಹೆಸರು ಮಂಜೂರಾಗಿತ್ತು. ಮಾರ್ಚ್ ಮೂವತ್ತೊಂದರ ಒಳಗೆ ಜಾಗದ ಮೂಲ ದಸ್ತಾವೇಜು ತೋರಿಸಬೇಕು. ತಪ್ಪಿದರೆ ಹೆಸರು ಪಟ್ಟಿಯಿಂದ ಹೋಗುತ್ತದೆ, ಮುಂದಿನ ಪಟ್ಟಿ ಯಾವಾಗಲೆಂದು ಯಾರಿಗೂ ಗೊತ್ತಿಲ್ಲ.

ಬಾಯಿ ಕೊಡೆ ಮಡಚಿ ಪತ್ರಾಗಾರದ ಮೆಟ್ಟಿಲು ಹತ್ತಿ ಬಂದ ದಿನ ನಾನೂ ಅಲ್ಲಿದ್ದೆ.

"ಪುರಂದರಣ್ಣ, ನಮ್ಮ ಜಾಗದ ದಸ್ತಾವೇಜು ಒಮ್ಮೆ ಬೇಕಿತ್ತು."

"ಓದ್ಲಿಕ್ಕಾ ಬಾಯಿ?" ಎಂದರು ಪುರಂದರ.

"ಓದಿ ಎಂತ ಮಾಡುದು? ಅದರಲ್ಲಿ ಎಂತ ಉಂಟೂಂತ ನನಗೆ ಗೊತ್ತಿಲ್ವಾ? ಹದಿನಾಲ್ಕು ಸೆಂಟ್ಸು, ಒಂದು ಬಾವಿ, ಎರಡು ಹಲಸು. ಮನೆಗೆ ತಕ್ಕೊಂಡು ಹೋಗ್ಲಿಕ್ಕೆ."

ಪುರಂದರ ಪಟ್ಟಿ ತೆಗೆದು ಬೆರಳಿಟ್ಟು ಹುಡುಕಿದರು. "ಕೃತಿ ಸಂಖ್ಯೆ ನೂರ ಹದಿನೇಳು. ಎರಡನೇ ಕಪಾಟು. ಚಂದದಲ್ಲಿ ಉಂಟು ಬಾಯಿ, ಒಂದು ಚುಕ್ಕೆ ಬಿದ್ದಿಲ್ಲ. ಆದ್ರೆ ಕೊಡ್ಲಿಕ್ಕೆ ಆಗುದಿಲ್ಲ. ಅದು ಕೃತಿಯ ಕೊನೆಯ ಭಾಗ. ಅದನ್ನು ತೆಗೆದ್ರೆ ಕೃತಿ ಅಪೂರ್ಣ ಆಗ್ತದೆ."

"ಅದು ಕೃತಿ ಅಲ್ಲ, ನನ್ನ ಜಾಗ."

"ಜಾಗ ನಿಮ್ಮದೇ ಬಾಯಿ. ಅದನ್ನು ಯಾರು ಮುಟ್ಟಿದ್ದಾರೆ? ಕಾಗದ ಮಾತ್ರ ನಾಡಿನದ್ದು."

"ಹರಿನಾರಾಯಣಣ್ಣ ಇರುವಾಗ ಕೊಡ್ತಿದ್ರಲ್ಲ."

"ಆಗ ಅದಕ್ಕೆ ಬೆಲೆ ಇರ್ಲಿಲ್ಲ."

ಝೆರಾಕ್ಸ್ ಆದರೂ ಕೊಡಿ ಎಂದರು ಬಾಯಿ. ಯಂತ್ರದ ಬೆಳಕು ಬಿದ್ದರೆ ಅಕ್ಷರ ಮಾಸುತ್ತದೆಂದು ಮಿಷನ್ನಿನವರು ತಿಳಿಸಿದ್ದರು. ಮಂಗಳವಾರಗಳಲ್ಲಿ, ಪೆನ್ಸಿಲಿನಿಂದ, ಪಾಲಕರ ಎದುರಿಗೆ ನಕಲು ಮಾಡಿಕೊಳ್ಳಬಹುದೆಂಬುದು ನಿಯಮ. ಬಾಯಿ ಮೂರು ಮಂಗಳವಾರ ಕೂತು ದಸ್ತಾವೇಜನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡಿದರು. ಇಪ್ಪತ್ತೊಂದನೆಯ ಪುಟದ ಮೊಹರನ್ನೂ ಒಂದು ರೂಪಾಯಿ ನಾಣ್ಯ ಇಟ್ಟು ವೃತ್ತ ಎಳೆದು ಬಿಡಿಸಿದರು.

ಪಂಚಾಯತಿನ ವಸತಿ ವಿಭಾಗದಲ್ಲಿ ಈಶ್ವರಪ್ರಸಾದರೆಂಬ ಗುಮಾಸ್ತರು ಅದನ್ನು ನೋಡಿದರು.

"ಬಾಯಿ, ಇದು ಪೆನ್ಸಿಲ್."

"ಹೌದು. ಪೆನ್ನು ಒಳಗೆ ಬಿಡುದಿಲ್ಲ."

"ಸರಕಾರ ಪೆನ್ಸಿಲಿಗೆ ಮನೆ ಕೊಡುದಿಲ್ಲ ಬಾಯಿ."

ಈಶ್ವರಪ್ರಸಾದರು ಕೆಟ್ಟವರಲ್ಲ. ದಾರಿಯೊಂದನ್ನು ಅವರೇ ತೋರಿಸಿದರು. ಮೂಲ ದಸ್ತಾವೇಜು ಕಳೆದುಹೋಗಿದ್ದರೆ ರಿಜಿಸ್ಟ್ರಾರ್ ಕಚೇರಿಯ ದೃಢೀಕೃತ ನಕಲನ್ನು ಒಪ್ಪಬಹುದು. ಅದಕ್ಕೆ ಕಳೆದುಹೋಗಿದೆಯೆಂದು ಪೊಲೀಸರ ಪತ್ರ ಬೇಕು. ಬಾಯಿ ಸ್ಟೇಶನ್ನಿಗೆ ಹೋದರು. ಅಲ್ಲಿ ಪೇದೆಯೊಬ್ಬರು, ಯಾವಾಗ ಕಳೆದುಹೋಯಿತು, ಕೊನೆಯದಾಗಿ ಎಲ್ಲಿ ನೋಡಿದ್ದು ಎಂದು ಕ್ರಮಪ್ರಕಾರ ಕೇಳಿದರು. ಬಾಯಿ ಸುಳ್ಳು ಹೇಳುವ ಜನ ಅಲ್ಲ. "ಮೊನ್ನೆ ಮಂಗಳವಾರ ನೋಡಿದ್ದು, ಎರಡನೇ ಕಪಾಟಿನಲ್ಲಿ" ಎಂದರು. ಪೇದೆ ಪುಸ್ತಕ ಮುಚ್ಚಿದರು. ಪಂಚಾಯತಿಗೆ ತೋರಿಸಲಿಕ್ಕೆಂದು ನಮ್ಮ ಸಮಿತಿಯಿಂದಲೂ ಒಂದು ಪ್ರಮಾಣಪತ್ರ ಕೊಟ್ಟೆವು. ಒಕ್ಕಣೆ ನನ್ನದೇ: "ಶ್ರೀಮತಿ ವೆರೊನಿಕಾ ಕ್ರಾಸ್ತಾರವರ ಮೂಲ ದಸ್ತಾವೇಜು ಅತ್ಯಂತ ಸುರಕ್ಷಿತವಾಗಿದ್ದು, ಅವರಿಗೆ ಎಂದೆಂದಿಗೂ ಸಿಗಲಾರದೆಂದು ಈ ಮೂಲಕ ದೃಢೀಕರಿಸಲಾಗಿದೆ."

ಅಷ್ಟಾಗುವಾಗ ಕ್ರಿಸ್‌ಮಸ್ ಕಳೆದಿತ್ತು. ಟರ್ಪಾಲು ಒಮ್ಮೆ ಬದಲಾಗಿತ್ತು.

ಮಿಷನ್ನಿನ ನಿಯಮಗಳಲ್ಲಿ ಒಂಬತ್ತನೆಯದನ್ನು ನೋಡಿ ಹೇಳಿದವನು ನಾನು. ಅತಿ ವಿಶೇಷ ಸಂದರ್ಭದಲ್ಲಿ, ಸಮಿತಿಯ ಒಪ್ಪಿಗೆಯೊಂದಿಗೆ, ಕೃತಿಯೊಂದನ್ನು ತಾತ್ಕಾಲಿಕವಾಗಿ ಎರವಲು ಕೊಡಬಹುದು. ಹರಿನಾರಾಯಣರ ಸ್ಮರಣಾರ್ಥ ಎರವಲಿನ ಅರ್ಜಿಗೂ ಇಪ್ಪತ್ತೊಂದು ಪುಟವೇ ಇರಬೇಕೆಂದು ನಾವು ಸೇರಿಸಿದ್ದೆವು. ಬಾಯಿ ಪೇಟೆಗೆ ಹೋಗಿ ನೂರು ಪುಟದ ನೋಟುಪುಸ್ತಕ ತಂದರು. ಆನ್ಸಿಲ್ಲಾ ಹೊಲಿಗೆ ಯಂತ್ರದ ಮೇಲೆ ದೀಪ ಇಟ್ಟುಕೊಟ್ಟಳು. ಹನ್ನೆರಡು ದಿನಗಳಲ್ಲಿ ಅರ್ಜಿ ಬಂತು.

ಫೆಬ್ರವರಿಯ ಸಭೆಯಲ್ಲಿ ಅದನ್ನು ನಾನೇ ಓದಿದೆ. ಗಂಡ ಬರೆದ ಅರ್ಜಿಯನ್ನು ಮಂಗಳವಾರಗಳಲ್ಲಿ ಓದಿದ್ದ ಬಾಯಿ, ಅದಕ್ಕೆ ಪುಟವಾರು ಉತ್ತರ ಬರೆದಿದ್ದರು. ಬಾವಿಯನ್ನು ಅಲ್ಫೋನ್ಸ್ ಒಬ್ಬರೇ ತೋಡಿದ್ದಲ್ಲ. ಅವರಿಗೆ ಆ ವಾರ ಜ್ವರ. ದಂಡೆಯಲ್ಲಿ ಕಂಬಳಿ ಹೊದ್ದು ಕೂತು ಬುಟ್ಟಿ ಎಷ್ಟಾಯಿತೆಂದು ಎಣಿಸುತ್ತಿದ್ದರು. ಮಣ್ಣು ಹೊತ್ತದ್ದು ಬಾಯಿ, ಆರು ತಿಂಗಳ ಬಸುರಿ. ಬಂಡೆ ಸಿಕ್ಕಿದ್ದು ಹೌದು. ಅದನ್ನು ಅಲ್ಫೋನ್ಸ್ ಒಡೆದದ್ದಲ್ಲ, ಬೈದದ್ದು. "ನೀರು ಕಂಡ ದಿವಸ ಅವರು ಮೊದಲು ನನ್ನ ಕೈ ತೊಳೆಸಿದರು. ಇದನ್ನು ಅವರು ಬರೆದಿಲ್ಲ. ಬರೆಯಬಹುದಿತ್ತು" ಎಂದು ಹದಿನೆಂಟನೆಯ ಪುಟದಲ್ಲಿತ್ತು. ಉಳಿದ ಮೂರು ಪುಟಗಳಲ್ಲಿ, ದಸ್ತಾವೇಜನ್ನು ಒಂದು ದಿನದ ಮಟ್ಟಿಗೆ ಕೊಡಬೇಕೆಂದು ಬೇರೆ ಬೇರೆ ರೀತಿಯಲ್ಲಿ ಕೇಳಿದ್ದರು.

ಉಗ್ಗಪ್ಪಣ್ಣ ಮೂಗು ಒರೆಸಿಕೊಂಡು, "ಅಲ್ಫೋನ್ಸ್ ಸುಳ್ಳನ್ನು ಚಂದ ಬರೀತಿದ್ದ. ಬಾಯಿ ಸತ್ಯವನ್ನೂ ಚಂದ ಬರೆದಿದ್ದಾರೆ" ಎಂದರು. ಅರ್ಜಿಯನ್ನು ಅಲ್ಫೋನ್ಸರ ಕೃತಿಯ ಎರಡನೇ ಸಂಪುಟವೆಂದು ಪರಿಗಣಿಸಿ, ಮೊಹರು ಒತ್ತಿ, ಕಪಾಟಿಗೆ ಸೇರಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.

"ದಸ್ತಾವೇಜು?" ಎಂದರು ಬಾಗಿಲ ಬಳಿ ನಿಂತಿದ್ದ ಬಾಯಿ.

"ಅದಕ್ಕೆ ಅಡವು ಬೇಕು ಬಾಯಿ" ಎಂದೆ. "ಎರವಲು ಒಯ್ಯುವವರು ಯಾವುದಾದರೂ ಜಾಗದ ಮೂಲ ದಸ್ತಾವೇಜನ್ನು ಅಡವು ಇಡಬೇಕು. ನಿಯಮ ಒಂಬತ್ತು, ಉಪನಿಯಮ ಮೂರು."

"ನನ್ನ ಹತ್ರ ಇರುದು ಒಂದೇ ಜಾಗ."

"ಅದರದ್ದೇ ಕೊಟ್ರೆ ಸಾಕು" ಎಂದರು ಪುರಂದರ, ಸಹಾಯ ಮಾಡುವ ಮನಸ್ಸಿನಿಂದ.

"ಅದು ನಿಮ್ಮ ಕಪಾಟಿನಲ್ಲಿ ಉಂಟಲ್ಲ."

"ಹಾಗಾದ್ರೆ ಅಡವು ಆದ ಹಾಗೇ. ಸುಲಭ ಆಯ್ತು."

ಉಗ್ಗಪ್ಪಣ್ಣನಿಗೂ ಸಮಾಧಾನವಾಯಿತು. ಆದರೆ ಅಡವು ಇಟ್ಟದ್ದನ್ನು ಹೊರಗೆ ಕೊಡಲಿಕ್ಕೆ ಉಂಟಾ ಎಂದು ನನ್ನನ್ನು ಕೇಳಿದರು. ನೋಡಿದೆ. ಇರಲಿಲ್ಲ. ಈ ಬಗ್ಗೆ ಒಂದು ಉಪಸಮಿತಿ ಮಾಡಿದೆವು, ಅದು ಎರಡು ಸಲ ಸೇರಿ ಚಹಾ ಕುಡಿದು ಇರಲಿಲ್ಲವೆಂದೇ ವರದಿ ಕೊಟ್ಟಿತು.

ಮಾರ್ಚ್ ತಿಂಗಳು ಬಂತು. ಒಂದು ಮಧ್ಯಾಹ್ನ ಬಾಯಿ ಬಂದು ಪುರಂದರರ ಮೇಜಿನ ಎದುರು ಕೂತರು. ಯೋಜನೆಯ ಮುದ್ರಿತ ಕೈಪಿಡಿ ಅವರ ಕೈಯಲ್ಲಿತ್ತು. ಒಂದು ಸಾಲಿನ ಅಡಿಗೆ ಪೆನ್ಸಿಲಿನ ಗೆರೆ ಇತ್ತು.

"ಪುರಂದರಣ್ಣ, ಇದರಲ್ಲಿ 'ಮೂಲ ದಸ್ತಾವೇಜು ಅರ್ಜಿದಾರರ ವಶದಲ್ಲಿ ಇರತಕ್ಕದ್ದು' ಅಂತ ಉಂಟು. ಮನೆಯಲ್ಲಿ ಇರ್ಬೇಕೂಂತ ಇಲ್ಲ. ಈಗ ನಮ್ಮ ದಸ್ತಾವೇಜು ಯಾರ ವಶದಲ್ಲಿ ಇರುದು?"

"ಪಾಲಕರ ವಶದಲ್ಲಿ."

"ಪಾಲಕರು ಅಂದ್ರೆ?"

"ನಾನು."

"ನಿಮಗೆ ಈ ಕೆಲಸ ಖುಷಿ ಉಂಟಾ?"

ಪುರಂದರರು ಕಪಾಟುಗಳ ಕಡೆ ನೋಡಿದರು. "ಚಿನ್ನ ಆದ್ರೆ ಯಾರಾದ್ರೂ ಬಿಡಿಸ್ಲಿಕ್ಕೆ ಬರ್ತಾರೆ ಬಾಯಿ. ಇಲ್ಲಿ ಮೂರು ವರ್ಷದಿಂದ ಬಂದದ್ದು ನೀವೊಬ್ಬರೇ."

ಅವರು ಅದೇ ಸಂಜೆ ರಾಜೀನಾಮೆ ಕೊಟ್ಟರು. ಹುದ್ದೆ ಖಾಲಿಯಿದೆಯೆಂಬ ಪ್ರಕಟಣೆಯನ್ನು ಸೂಚನಾಫಲಕಕ್ಕೆ ಹಚ್ಚಿದೆವು, ಹದಿನೈದು ದಿನದ ಅವಧಿ ಕೊಟ್ಟೆವು, ಸಂದರ್ಶನ ನಡೆಸಿದೆವು. ಎಲ್ಲವೂ ಕ್ರಮಬದ್ಧ. ಅಭ್ಯರ್ಥಿ ಒಬ್ಬರೇ.

"ಹಳೆಯ ಕಾಗದಗಳ ಮೇಲೆ ನಿಮಗೆ ಮಮತೆ ಉಂಟೇ?" ಎಂದು ನಾನು ಕೇಳಿದೆ.

"ಒಂದರ ಮೇಲೆ ಉಂಟು" ಎಂದರು ಬಾಯಿ.

ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಈಶ್ವರಪ್ರಸಾದರು ಪರಿಶೀಲನೆಗೆ ಬಂದರು. ವೆರೊನಿಕಾ ಬಾಯಿ ಎರಡನೇ ಕಪಾಟಿನ ಬಳಿ ಬೀಗದ ಕೈ ಹಿಡಿದು ನಿಂತಿದ್ದರು.

"ದಸ್ತಾವೇಜು ಯಾರ ವಶದಲ್ಲಿ ಉಂಟು?"

"ಪಾಲಕಿಯ ವಶದಲ್ಲಿ."

"ಪಾಲಕಿ ಯಾರು?"

"ನಾನು."

"ಅರ್ಜಿದಾರರು?"

"ಅದೂ ನಾನೇ."

ಈಶ್ವರಪ್ರಸಾದರು ಕಡತದಲ್ಲಿ ತುಂಬ ಸಂತೋಷದಿಂದ ಸರಿ ಗುರುತು ಹಾಕಿದರು. ಮುಂದಿನ ಅಂಕಣದಲ್ಲಿ ಪೆನ್ನು ನಿಂತಿತು. ಪಾಲಕಿಗೆ ಗೌರವಧನ ಉಂಟೋ ಎಂದು ಕೇಳಿದರು. ಉಂಟು ಎಂದೆ. ಆ ಗೌರವಧನ ಸೇರಿದರೆ ಬಾಯಿಯ ವರಮಾನ ಯೋಜನೆಯ ಮಿತಿಗಿಂತ ಮೇಲೆ ಹೋಗುತ್ತದೆ, ಮನೆ ಸಿಗುವುದಿಲ್ಲ. ಬಾಯಿ ಅಲ್ಲೇ ಒಂದು ಹಾಳೆ ತೆಗೆದು, ಗೌರವಧನ ಬೇಡವೆಂದು ಬರೆದು ಸಹಿ ಹಾಕಿದರು. ಗೌರವ ಮಾತ್ರ ಮುಂದುವರಿಯತಕ್ಕದ್ದೆಂದು ಸಮಿತಿ ಠರಾವು ಮಾಡಿತು.

"ಇನ್ನೊಂದು ಉಂಟು ಬಾಯಿ" ಎಂದರು ಈಶ್ವರಪ್ರಸಾದರು. "ಮನೆ ಮಾರಬಾರದೂಂತ ಒಂದು ನಿಬಂಧನೆ. ಹನ್ನೆರಡು ವರ್ಷ ದಸ್ತಾವೇಜು ಫಲಾನುಭವಿಯ ವಶದಲ್ಲೇ ಇರಬೇಕು. ಪರಿಶೀಲನೆಗೆ ಯಾವ ದಿವಸವೂ ಬರಬಹುದು, ಹತ್ತರಿಂದ ಐದರ ಒಳಗೆ."

"ಹಾಗಾದ್ರೆ ಹನ್ನೆರಡು ವರ್ಷ ನಾನು ಇಲ್ಲಿ ಕೂತುಕೊಳ್ಬೇಕಾ?"

ಈಶ್ವರಪ್ರಸಾದರು ಕೈಪಿಡಿ ತಿರುವಿ ನೋಡಿದರು. "ಕೂತುಕೊಳ್ಬೇಕೂಂತ ಇಲ್ಲ. ನಿಂತ್ರೂ ಆಗ್ತದೆ."

ಮನೆ ಮಂಜೂರಾಯಿತು. ಬಾಯಿಯ ಹಿತೈಷಿಗಳಲ್ಲಿ ಕೆಲವರು, ಬೀಗದ ಕೈ ನಿಮ್ಮ ಹತ್ತಿರವೇ ಇರುವಾಗ ದಸ್ತಾವೇಜನ್ನು ಸೆರಗಿನಲ್ಲಿ ಇಟ್ಟುಕೊಂಡು ಹೋಗಬಾರದೇ ಎಂದು ಸೂಚಿಸಿದರಂತೆ. "ಅರ್ಜಿದಾರಳು ತಕ್ಕೊಂಡು ಹೋದ್ರೆ ಅವಳದ್ದು. ಪಾಲಕಿ ತಕ್ಕೊಂಡು ಹೋದ್ರೆ ಕಳವು. ಕಳವಿನ ಕೇಸು ಇದ್ದವರಿಗೆ ಮನೆ ಕೊಡುದಿಲ್ಲ" ಎಂದು ಬಾಯಿ ಉತ್ತರಿಸಿದರು. ಮೂರು ವಾರದಲ್ಲಿ ಅವರು ನಿಯಮಗಳನ್ನು ನನಗಿಂತ ಚೆನ್ನಾಗಿ ಕಲಿತಿದ್ದರು.

ಸುದ್ದಿ ನಿಲ್ಲುತ್ತದೆಯೇ. ಹೊಸಂಗಡಿಯ ತನಕ ಹೋಯಿತು. ದಸ್ತಾವೇಜು ಸಿಕ್ಕದೆ ಪಾಲುಪಟ್ಟಿಯಾಗದೆ ಕೂತಿದ್ದ ಕುಂಞಣ್ಣ ಎಂಬವರು ಮೊದಲು ಬಂದು, ತನ್ನನ್ನೂ ಪಾಲಕನಾಗಿ ಮಾಡಬೇಕೆಂದರು. ನಿಯಮದಲ್ಲಿ ಪಾಲಕರು ಒಬ್ಬರೇ ಇರಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಸಂಬಳ ಕೊಡಬೇಕಾಗಿಲ್ಲದ ನೌಕರರನ್ನು ಬೇಡವೆನ್ನಲು ಸಮಿತಿಗೆ ಕಾರಣವೂ ಕಾಣಲಿಲ್ಲ. ಎರಡು ತಿಂಗಳಲ್ಲಿ ಇಪ್ಪತ್ತು ಜನರಾದರು. ವರ್ಷ ಮುಗಿಯುವಾಗ ಅರುವತ್ತಮೂರು ದಸ್ತಾವೇಜುಗಳಿಗೂ ಒಬ್ಬೊಬ್ಬ ಪಾಲಕರಾದರು. ಕುರ್ಚಿ ಅವರವರೇ ಮನೆಯಿಂದ ತಂದರು. ಕಿನ್ನಿಯಕ್ಕ ಎಂಬ ಎಂಬತ್ತು ದಾಟಿದವರು ಕುರ್ಚಿಯ ಅಭ್ಯಾಸ ಇಲ್ಲವೆಂದು ಚಾಪೆ ತಂದರು. ಪ್ರತಿಯೊಬ್ಬರೂ ತಮ್ಮ ದಾಖಲೆ ಇರುವ ಕಪಾಟಿಗೆ ಮುಖ ಮಾಡಿ ಹತ್ತರಿಂದ ಐದರ ತನಕ ಕೂರುತ್ತಾರೆ. ಫ್ಯಾನು ಗಂಟೆಗೊಮ್ಮೆ ದಿಕ್ಕು ಬದಲಿಸುವಂತೆ ಬಾಯಿ ವೇಳಾಪಟ್ಟಿ ಹಾಕಿದ್ದಾರೆ. ಅವರು ಈಗ ಮುಖ್ಯ ಪಾಲಕಿ.

ನಾನು ನಲುವತ್ತೊಂದನೆಯ ಪಾಲಕ. 2005ರಲ್ಲಿ ಸ್ಕೂಟರಿಗೆಂದು ಇಪ್ಪತ್ತೊಂದು ಪುಟ ಬರೆದಿದ್ದೆ, ಮರೆತೇಹೋಗಿತ್ತು. ನಿವೃತ್ತನಾದ ಮೇಲೆ ಬೆಳಿಗ್ಗೆ ಹತ್ತಕ್ಕೆ ಎಲ್ಲಿಗೆ ಹೋಗುವುದೆಂದು ತಿಳಿಯದೆ ಅಡುಗೆಮನೆಗೆ ಹೋಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತಿದ್ದವನು ನಾನು. ಈಗ ಬುತ್ತಿ ಕಟ್ಟಿಕೊಂಡು ಹೊರಡುತ್ತೇನೆ. ಮನೆಯಲ್ಲಿ ನನ್ನವಳು ನಮ್ಮ ದಸ್ತಾವೇಜು ಅಲ್ಲೇ ಇರಲಿ ಎಂದು ಸಮಿತಿಗೆ ಪ್ರತ್ಯೇಕ ಪತ್ರ ಬರೆದಿದ್ದಾಳೆ.

ತಿರುವನಂತಪುರದ ತಜ್ಞರು ಎರಡನೆಯ ಸಲ ಬಂದಾಗ ಬೆರಗಾದರು. ದಸ್ತಾವೇಜಿಗೊಬ್ಬ ಪಾಲಕನಿರುವ, ಅದೂ ವೇತನವಿಲ್ಲದೆ, ಒಂದು ದಿನವೂ ರಜೆ ಹಾಕದೆ ಕಣ್ಣಿಟ್ಟು ಕಾಯುವ ಪತ್ರಾಗಾರವನ್ನು ಅವರು ಬೇರೆಲ್ಲೂ ಕಂಡಿರಲಿಲ್ಲ. ಜನರಿಗೆ ತಮ್ಮ ಲಿಪಿಯ ಮೇಲಿರುವ ಪ್ರೇಮಕ್ಕೆ ಇದು ನಿದರ್ಶನವೆಂದು ವರದಿಯಲ್ಲಿ ಬರೆದರು. ಎರಡನೆಯ ಫ್ಯಾನು ಮಂಜೂರಾಗಿದೆ.

ವೆರೊನಿಕಾ ಬಾಯಿಯ ಮನೆ 2015ರ ಡಿಸೆಂಬರಿನಲ್ಲಿ ಪೂರ್ಣವಾಯಿತು. ಒಂದು ಶನಿವಾರ ಆಶೀರ್ವಾದಕ್ಕೆ ಇಟ್ಟಿದ್ದರು. ಪಾದ್ರಿಗಳು ಬೆಳಿಗ್ಗೆ ಬರುತ್ತೇನೆಂದಿದ್ದರಂತೆ; ಅಮ್ಮನಿಗೆ ಐದರ ತನಕ ಬರಲಿಕ್ಕಾಗುವುದಿಲ್ಲವೆಂದು ಆನ್ಸಿಲ್ಲಾ ಹೇಳಿದ ಮೇಲೆ ಸಂಜೆ ಆರಕ್ಕೆ ಒಪ್ಪಿದರು. ನಾವು ಅರುವತ್ತಮೂರು ಮಂದಿ ಐದಕ್ಕೆ ಸರಿಯಾಗಿ ಬೀಗ ಹಾಕಿ, ಬಾಯಿಯನ್ನು ಮುಂದಿಟ್ಟುಕೊಂಡು ಗುಡ್ಡದ ಹಾದಿಯಲ್ಲಿ ಇಳಿದೆವು. ತಲುಪುವಾಗ ಕತ್ತಲಾಗತೊಡಗಿತ್ತು. ಕರೆಂಟಿನ ಸಂಪರ್ಕ ಬಂದಿರಲಿಲ್ಲ. ಆನ್ಸಿಲ್ಲಾ ಮೇಣದ ಬತ್ತಿ ಹಚ್ಚಿದ್ದಳು. ಪಾದ್ರಿಗಳು ಕೋಣೆಕೋಣೆಗೂ ತೀರ್ಥ ಚಿಮುಕಿಸಿದರು. ಬಾಯಿ ಹಿಂಬದಿಯ ಗೋಡೆಯ ಬಳಿ ಹೋಗಿ ಅಂಗೈ ಒತ್ತಿ ನಿಂತರು, ಎರಡು ಸಲ ತಟ್ಟಿ ನೋಡಿದರು.

"ಹೇಗುಂಟು ಬಾಯಿ ಮನೆ?" ಎಂದು ಉಗ್ಗಪ್ಪಣ್ಣ ಕೇಳಿದರು.

"ಗೋಡೆ ಗಟ್ಟಿ ಉಂಟು. ಬಣ್ಣ ಯಾವುದೂಂತ ಗೊತ್ತಾಗುದಿಲ್ಲ. ಈ ವಾರ ಕೊಟ್ಟದ್ದು. ಬೆಳಕು ಹರಿಯುವ ಮೊದಲು ಅಡುಗೆ ಮಾಡಿ, ಇಗರ್ಜಿಯ ಪೂಜೆಗೆ ಹೋಗಿ ಅಲ್ಲಿಂದಲೇ ಪತ್ರಾಗಾರಕ್ಕೆ ಹೊರಡ್ತೇನೆ, ಬರುವಾಗ ಹೀಗೆ. ನಾಳೆ ಆದಿತ್ಯವಾರ ಅಲ್ವಾ, ಪೂಜೆ ಮುಗಿಸಿ ಬಂದು ನೋಡ್ತೇನೆ."

"ಹಳದಿ ಅಮ್ಮ" ಎಂದಳು ಆನ್ಸಿಲ್ಲಾ.

"ಹೌದಾ. ಹಳದಿ ಒಳ್ಳೇದು" ಎಂದರು ಬಾಯಿ.

ಆದಿತ್ಯವಾರ ಪತ್ರಾಗಾರಕ್ಕೆ ರಜೆ ಇಟ್ಟದ್ದು ಎಷ್ಟು ಅನುಕೂಲವಾಯಿತು ನೋಡಿ ಎಂದು ಉಗ್ಗಪ್ಪಣ್ಣ ನಮ್ಮ ಕಡೆ ತಿರುಗಿ ಹೇಳಿದರು. ಎಲ್ಲರೂ ಹೌದೆಂದು ಒಪ್ಪಿ, ಪಾಯಸದ ಲೋಟ ಕೈಗೆತ್ತಿಕೊಂಡೆವು.